ಬಂದ್ ಆಗದ ಸಾಲಿಯ ಚೀನಾ ಮಾಸ್ತರು

ನಮ್ಮ ಚೀನಾ ಮಾಸ್ತರರ ಬಲಗಿವಿಗೆ ಮೇಲಿನ ಅಂಚೇ ಇರಲಿಲ್ಲ. ಇಲಿ ಕಡಿದ ರೊಟ್ಟಿಯ ಹಾಗೆ ಸೊಟ್ಟಗೆ ತುಂಡಾಗಿತ್ತು. ಅದಕ್ಕೇ ಬಳಪವನ್ನು ಎಡಗಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ಬಲಗಿವಿಯಲ್ಲಿ ನಿಲ್ಲುತ್ತಿರಲಿಲ್ಲ. ಬೀದರದ ಹುಡುಗರು ಅದರ ಮೇಲೆ ಸಾವಿರ ಕಥೆ ಕಟ್ಟಿದ್ದರು. ಚೀನಾದಲ್ಲಿ ಯಾವಳೋ ಕಚ್ಚಿದಳು ಅಂದವರೂ ಇದ್ದರು. ಎದುರಿಗೇ ಕೇಳಿದರೆ ಅವರು ಸಿಟ್ಟಾಗುತ್ತಿರಲಿಲ್ಲ. "ಗುಡ್ಡದ ಮ್ಯಾಲಿನ ಥಂಡಿ ತಿಂದದ ಬೇಟಾ. ಉಳದದ್ದು ನಿಮ್ಮ ಗಲಾಟಿ ಕೇಳಲಿಕ್ಕ ಸಾಕು," ಅನ್ನುತ್ತಿದ್ದರು.

ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದುಕೊಳ್ಳಬೇಕಾದವರು ಬರೆದುಕೊಳ್ಳಲಿಲ್ಲ, ಈಗ ನಾನು ಬರೆದರೆ ಯಾರಿಗೇನು ಬಂತು? ಊರಿಗೆಲ್ಲ ಅವರು ಚೀನಾ ಮಾಸ್ತರು. ಹಾಗಂತ ಚೀನಾದವರಲ್ಲ, ಅಪ್ಪಟ ಬೀದರದವರು. ಚೌಬಾರಾದ ಹತ್ತಿರ ಅವರ ತಂದೆಯ ಅತ್ತರಿನ ಅಂಗಡಿ ಇತ್ತು. ಮನೆಯಲ್ಲಿ ದಖ್ಖನಿ, ಹೊರಗೆ ನಮ್ಮದೇ ಕನ್ನಡ. ನಿಜಾಮರ ಸರಕಾರ ಶಾಣ್ಯಾ ಹುಡುಗರಿಗೆ ವಜೀಫಾ, ಅಂದರೆ ವಿದ್ಯಾರ್ಥಿವೇತನ, ಕೊಟ್ಟು ವಿಲಾಯತಿಗೆ ಕಳಿಸುತ್ತಿದ್ದ ಕಾಲ ಅದು. ಇವರು ಬೆಳಕಿನ ಶಾಸ್ತ್ರದಲ್ಲಿ ಸಂಶೋಧನೆ ಮಾಡಲಿಕ್ಕೆಂದು ಹೋದರು. ಆಗ ವಿಲಾಯತಿಯಲ್ಲೂ ಚೀನಾದಲ್ಲೂ ದೊಡ್ಡ ಯುದ್ಧ ನಡೆದಿತ್ತು. ಅವರ ವಿಶ್ವವಿದ್ಯಾಲಯಕ್ಕೂ ಚೀನಾದ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಿತ್ತು. ಚೀನಾದ ಸಂಶೋಧಕರು ಫೆಲೋಶಿಪ್ ಮೇಲೆ ವಿಲಾಯತಿಗೆ ಬರಬೇಕು, ವಿಲಾಯತಿಯವರು ಚೀನಾಕ್ಕೆ ಹೋಗಿ ವರ್ಷಗಟ್ಟಲೆ ಇದ್ದು ಕಲಿಸಬೇಕು, ಕಲಿಯಬೇಕು. ಆದರೆ ಬಾಂಬು ಬೀಳುವ ದೇಶಕ್ಕೆ ಯಾರು ಹೋಗುತ್ತಾರೆ? ಗೋರಾ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರಂತೆ. ನಮ್ಮ ಮಾಸ್ತರು ಕೈ ಎತ್ತಿದರು.

"ಅಂಜಿಕಿ ಬರಲಿಲ್ಲೇನ್ರಿ?" ಅಂತ ನಾನೊಮ್ಮೆ ಕೇಳಿದ್ದೆ.

"ಎಲ್ಲಾರೂ ಕೈ ಕೆಳಗ ಇಟ್ಕೊಂಡು ಕುಂತಿದ್ರು. ನಂಗ ಸಿಟ್ಟು ಬಂತು," ಅಂದರು.

ಅವರ ಸ್ವಭಾವವೇ ಅದು. ಎಲ್ಲರೂ ಎದ್ದರೆ ಇವರು ಕೂತರು, ಎಲ್ಲರೂ ಕೂತರೆ ಇವರು ಎದ್ದರು.

ಚೀನಾದಲ್ಲಿ ಅವರು ಕಂಡದ್ದನ್ನು ನಾವು ಎಷ್ಟು ಸಲ ಕೇಳಿದರೂ ಬೇಸರವಾಗುತ್ತಿರಲಿಲ್ಲ. ಆ ವಿಶ್ವವಿದ್ಯಾಲಯಕ್ಕೆ ಕಟ್ಟಡವೇ ಉಳಿದಿರಲಿಲ್ಲ. ವೈರಿಯ ಫೌಜು ಬಂದಾಗ ಮಾಸ್ತರರು, ಹುಡುಗರು ಪುಸ್ತಕ ಬೆನ್ನಿಗೆ ಕಟ್ಟಿಕೊಂಡು, ಗುಡ್ಡ ಹತ್ತಿ ಇಳಿದು, ದೇಶದ ಇನ್ನೊಂದು ಮೂಲೆಗೆ ನಡೆದೇ ಹೋಗಿದ್ದರು. ಹಾದಿಯಲ್ಲಿ ನಿಂತಲ್ಲಿ ಪಾಠ, ಕೂತಲ್ಲಿ ಪರೀಕ್ಷೆ. "ನಾ ಹೋಗಿ ಮುಟ್ಟಿದ್ದು ಒಂದು ಹಾಳು ಗುಡಿಗಿ," ಅನ್ನುತ್ತಿದ್ದರು ಮಾಸ್ತರು. "ಬುದ್ಧನ ಮೂರ್ತಿ ಮುಂದ ಬೋರ್ಡ್ ನಿಂದ್ರಿಸಿದ್ರು. ಮ್ಯಾಲ ತಗಡ. ಮಳಿ ಬಂದ್ರ ಪ್ರೊಫೆಸರ್ ಏನ್ ಹೇಳ್ಲತ್ತಾನ ಕೇಳಸ್ತಿದ್ದಿಲ್ಲ. ಅಂವ ಮಾತು ಬಿಟ್ಟು ಬರಿಯಾಂವ. ಒಬ್ಬ ಹುಡುಗ ಎದ್ದು ಹೋಗತಿದ್ದಿಲ್ಲ. ನಿಮ್ಮ ಯೂನಿವರ್ಸಿಟಿ ಎಲ್ಲದ ಅಂತ ಕೇಳಿದೆ. ಆ ಮುದುಕ ಪ್ರೊಫೆಸರ್ ಕುಂತ ಹುಡುಗರ ಕಡಿ ಕೈ ತೋರಿಸಿದ."

ಯುದ್ಧ ಮುಗಿದ ಮೇಲೆ ವಿಲಾಯತಿಗೆ ಮರಳಿ ಪ್ರಬಂಧ ಮುಗಿಸಬೇಕಾಗಿತ್ತು. ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದರೆಂದು ಬೀದರಕ್ಕೆ ಬಂದರು. ವಿಲಾಯತಿಯವರು ಒಳ್ಳೆಯವರು, ಫೆಲೋಶಿಪ್ ಕಾದಿಡುತ್ತೇವೆ ಅಂದರು. ಷರತ್ತು ಒಂದೇ: ಮರಳುವವರೆಗೆ ಊರಲ್ಲಿ ಕಲಿಸುವ ಕೆಲಸದಲ್ಲಿರಬೇಕು, ನಡುವೆ ಬಿಟ್ಟಿಲ್ಲವೆಂದು ಸರಕಾರ ಬರೆದುಕೊಡಬೇಕು. ಹಾಗಾಗಿ ನಮ್ಮ ಹೈಸ್ಕೂಲಿಗೆ ವಿಜ್ಞಾನ, ಗಣಿತದ ಮಾಸ್ತರಾಗಿ ಸೇರಿಕೊಂಡರು.

ನಾನು ಭಾತಂಬ್ರಾದ ಕುರುಬರ ಹುಡುಗಿ. ಅವ್ವನ ತಂಗಿ ಬೀದರದ ದವಾಖಾನೆಯಲ್ಲಿ ಆಯಾ ಆಗಿದ್ದಳು, ಮಕ್ಕಳಿರಲಿಲ್ಲ. ಅವಳ ಹಠಕ್ಕೆ ಸೋತು ಅಪ್ಪ ನನ್ನನ್ನು ಅವಳ ಬಳಿ ಬಿಟ್ಟಿದ್ದ. ಹೆಣ್ಣುಮಕ್ಕಳ ಸಾಲಿ ಮಿಡ್ಲ್‌ಗೇ ಮುಗಿಯುತ್ತಿತ್ತು. ಮುಂದಕ್ಕೆ ಓದಬೇಕೆಂದರೆ ಗಂಡುಹುಡುಗರ ಹೈಸ್ಕೂಲಿನಲ್ಲಿ, ಹಿಂದಿನ ಮೂಲೆಯಲ್ಲಿ, ಪರದೆಯ ಆ ಕಡೆ ಕೂರಬೇಕು. ಹಾಗೆ ಕೂತವಳು ಇಡೀ ಕ್ಲಾಸಿಗೆ ನಾನೊಬ್ಬಳೇ. ಚೀನಾ ಮಾಸ್ತರು ಮೊದಲ ದಿನ ಬಂದರು, ಬೋರ್ಡಿನ ಮೇಲೆ ತ್ರಿಕೋನ ಬರೆದರು, ಪರದೆಯ ಕಡೆ ನೋಡಿದರು.

"ಅದರ ಹಿಂದ ಯಾರರೆ ಇದ್ದೀರೇನು?"

"ಇದ್ದೀನ್ರಿ," ಅಂದೆ.

"ಬೋರ್ಡ್ ಕಾಣಸ್ತದ?"

"ಇಲ್ರಿ."

ಬಂದು ಪರದೆಯನ್ನು ಸರಕ್ಕನೆ ಎಳೆದು, ಮಡಚಿ, ಕಿಟಕಿಯಿಂದ ಹೊರಗೆ ಎಸೆದರು. ಹೆಡ್‌ಮಾಸ್ತರು ಓಡಿಬಂದರು. "ತ್ರಿಕೋನಕ್ಕ ಪರದಾ ಇಲ್ಲ ಸಾಹೇಬ್ರ," ಅಂದರು ಇವರು. ಅದಾದ ಮೇಲೆ ನಾನು ಮುಂದಿನ ಬೆಂಚಿನಲ್ಲಿ ಕೂತೆ. ಹುಡುಗರು ಒಂದು ವಾರ ಗುಸುಗುಸು ಮಾಡಿದರು, ಆಮೇಲೆ ನನ್ನ ಲೆಕ್ಕ ನೋಡಿ ಬರೆದುಕೊಳ್ಳಲು ಶುರು ಮಾಡಿದರು.

ಮ್ಯಾಟ್ರಿಕ್ ಕ್ಲಾಸಿಗೆ ಬಂದ ವರ್ಷ ಅಪ್ಪ ಖಡಾಖಂಡಿತ ಹೇಳಿದ: "ಪಾಸಾದಿ, ಮಾಸ್ತರಕಿ ಮಾಡು, ನಾ ಬ್ಯಾಡ ಅನ್ನಲ್ಲ. ಇಲ್ಲಂದ್ರ ಯುಗಾದಿ ಮುಗದ ಮ್ಯಾಲ ಲಗ್ನ. ಹುಡುಗನ ಕಡಿಯವರಿಗಿ ಮಾತು ಕೊಟ್ಟೀನಿ." ಹುಡುಗನನ್ನು ನಾನು ನೋಡಿದ್ದೆ. ಬಾಯಿ ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದ. ಪರೀಕ್ಷೆ ಬಿಟ್ಟರೆ ನನಗೆ ಬೇರೆ ದಾರಿಯೇ ಇರಲಿಲ್ಲ.

ಆ ವರ್ಷದ ಭಾದ್ರಪದದಲ್ಲೇ ಹಿಂದೂಸ್ತಾನದ ಫೌಜು ಬಂತು. ಪೋಲೀಸ್ ಆ್ಯಕ್ಷನ್ ಅಂತ ಈಗ ಪುಸ್ತಕದಲ್ಲಿ ಬರೆಯುತ್ತಾರೆ. ಕೆಲವೇ ದಿನದಲ್ಲಿ ಹೈದರಾಬಾದ್ ಸಂಸ್ಥಾನ ಶರಣಾಯಿತು. ನಮ್ಮಪ್ಪನಂಥವರು ನಿರಾಳವಾಗಿ ಉಸಿರಾಡಿದರು, ಅದರಲ್ಲಿ ಸುಳ್ಳಿಲ್ಲ. ನಿಜಾಮರ ಕಡೆಯ ರಜಾಕಾರರು ಅಪ್ಪನ ಅರ್ಧ ಹಿಂಡು ಹೊಡೆದುಕೊಂಡು ಹೋಗಿದ್ದರು, ಕಾಕಾನ ಕೈ ಮುರಿದಿದ್ದರು. ಆದರೆ ಅದರ ಬೆನ್ನಿಗೇ ನಡೆದದ್ದನ್ನೂ ಹೇಳಬೇಕು. ಹೇಳದಿದ್ದರೆ ನನ್ನ ಬಾಯಿಗೆ ಹುಳ ಬೀಳಲಿ. ಹಳ್ಳಿಹಳ್ಳಿಗಳಲ್ಲಿ ನಮ್ಮವರೇ ಮುಸಲ್ಮಾನರ ಮನೆ ಹೊಕ್ಕು ಕೈಗೆ ಸಿಕ್ಕವರನ್ನು ಕಡಿದರು. ಕೆಟ್ಟದ್ದು ಮಾಡಿದವರು ಯಾವಾಗಲೋ ಓಡಿಹೋಗಿದ್ದರು. ಸತ್ತವರು ಸುಮ್ಮನೆ ತಮ್ಮ ಪಾಡಿಗೆ ದುಡಿದು ತಿನ್ನುತ್ತಿದ್ದವರು. ಚೀನಾ ಮಾಸ್ತರರ ಅಣ್ಣ ಅತ್ತರ್ ಮಾರಲು ಭಾಲ್ಕಿ ಕಡೆ ಹೋಗಿದ್ದವರು ಮರಳಲಿಲ್ಲ. ಹೆಣವೂ ಸಿಗಲಿಲ್ಲ.

ನಮ್ಮ ಸಾಲಿಯ ಕಟ್ಟಡದಲ್ಲಿ ಫೌಜಿನವರು ಇಳಿದುಕೊಂಡರು. ಹೆಡ್‌ಮಾಸ್ತರು ಹೈದರಾಬಾದಿಗೆ ಓಡಿಹೋದರು. ಮುಂದಿನ ಹುಕುಮಿನವರೆಗೆ ಸಾಲಿ ಬಂದ್ ಅಂತ ಗೇಟಿಗೆ ಚೀಟಿ ಬಿತ್ತು. ಇತ್ತ ಮ್ಯಾಟ್ರಿಕ್ ಪರೀಕ್ಷೆ ಮಾತ್ರ ಬೇಸಿಗೆಯ ಮೊದಲಿಗೆ ನಡೆದೇ ನಡೆಯುತ್ತದೆಂದು ಡಂಗುರ ಸಾರಿದರು. ನಾನು ಮಾಸ್ತರರ ಮನೆಯ ಮುಂದೆ ನಿಂತು ಅತ್ತೆ. ಅಣ್ಣನನ್ನು ಕಳೆದುಕೊಂಡ ಮನೆ, ನಾನು ಪರೀಕ್ಷೆಗೆ ಅಳುತ್ತಿದ್ದೇನೆ, ನಾಚಿಕೆಯೂ ಆಗುತ್ತಿತ್ತು. ಅವರು ಹೊರಗೆ ಬಂದರು. ಕಣ್ಣು ಕೆಂಪಾಗಿದ್ದವು.

"ಯಾಕ ಅಳ್ತಿ?"

"ಸಾಲಿ ಬಂದಾಯ್ತಲ್ರಿ."

"ಕಟ್ಟಡ ಬಂದಾಗ್ಯದ. ಸಾಲಿ ಯಾರು ಬಂದ್ ಮಾಡ್ಯಾರ? ನಾ ಮಾಡಿಲ್ಲ. ನೀ ಮಾಡಿದಿ?"

ಅಲ್ಲಿಂದ ಸೀದಾ ಸಾಲಿಯ ಗೇಟಿಗೆ ನಡೆದರು. ಮುಸಲ್ಮಾನರು ಮನೆಯಿಂದ ಹೊರಗೆ ಇಣುಕಲಿಕ್ಕೂ ಹೆದರುತ್ತಿದ್ದ ದಿನಗಳು ಅವು. ಬಂದೂಕಿನ ಜವಾನ ತಡೆದ. ಇವರು ಅಧಿಕಾರಿಯನ್ನೇ ಕರೆಸಿದರು, ವಿಲಾಯತಿಯ ಇಂಗ್ಲಿಷಿನಲ್ಲಿ ಕೇಳಿದರು, ನಿಮಗೆ ಕರಿಹಲಗೆಯಿಂದ ಏನಾದರೂ ಕೆಲಸವಿದೆಯೇ ಅಂತ. ಅಧಿಕಾರಿ ತಬ್ಬಿಬ್ಬಾದ. "ಹಂಗಾದ್ರ ಕಟ್ಟಡ ನೀವು ಇಟ್ಕೋರಿ, ಹಲಗಿ ನಂಗ ಕೊಡ್ರಿ." ಅಧಿಕಾರಿಗೆ ನಗು ಬಂತೋ ಏನೋ, ಕೊಟ್ಟುಬಿಟ್ಟ. ಹಲಗೆಯ ಜೊತೆಗೆ ಸಾಲಿಯ ಹಿತ್ತಾಳೆ ಗಂಟೆಯನ್ನೂ ಇವರು ಎತ್ತಿಕೊಂಡು ಬಂದರು.

ಮ್ಯಾಟ್ರಿಕ್ ಕ್ಲಾಸಿನವರಲ್ಲಿ ಆರು ಹುಡುಗರು, ನಾನು ಕೂಡಿದೆವು. ನಾಲ್ವರು ಹಿಂದೂಗಳು, ಇಬ್ಬರು ಮುಸಲ್ಮಾನರು. ಹಳೇ ಮದರಸಾದ ಗೋಡೆಯ ನೆರಳಿಗೆ ಕೂತೆವು, ಫೌಜಿನವರು ಎಬ್ಬಿಸಿದರು. ಕೆರೆಯ ಏರಿಯ ಮೇಲೆ ಕೂತೆವು, ಅಲ್ಲಿಂದಲೂ ಎಬ್ಬಿಸಿದರು. ಗುಂಪು ಕೂಡಬಾರದಂತೆ. ಶಹರದಲ್ಲಿ ಇದು ಆಗುವ ಮಾತಲ್ಲ ಅಂತ ಗೊತ್ತಾಯಿತು. ಮಾಸ್ತರು ನನ್ನನ್ನೂ ಚಿಕ್ಕವ್ವನನ್ನೂ ಕರೆದುಕೊಂಡು ಭಾತಂಬ್ರಾಕ್ಕೆ ಹೊರಟರು. ಯಾವ ಭಾಲ್ಕಿಯ ಹಾದಿಯಲ್ಲಿ ಅವರ ಅಣ್ಣ ಹೋದರೋ ಅದೇ ಹಾದಿ. ಚಿಕ್ಕವ್ವ ಉದ್ದಕ್ಕೂ ಶಿವ ಶಿವ ಅನ್ನುತ್ತ ಬಂದಳು.

ಅಪ್ಪ ಹಟ್ಟಿಯ ಮುಂದೆ ಉಣ್ಣೆ ಕತ್ತರಿಸುತ್ತ ಕೂತಿದ್ದ. ಏಳಲಿಲ್ಲ. ಬರ್ರಿ ಅನ್ನಲಿಲ್ಲ.

"ನಿಮ್ಮವರು ನನ್ನ ಕುರಿ ಹೊಡಕೊಂಡು ಹೋಗ್ಯಾರ್ರಿ," ಅಂದ.

"ಹೋಗ್ಯಾರ. ಖರೇ ಅದ. ನಿಮ್ಮವರು ನಮ್ಮಣ್ಣಗ ಹೊಡದಾರ. ಅದೂ ಖರೇ ಅದ," ಅಂದರು ಮಾಸ್ತರು. "ಎರಡೂ ನಾವಿಬ್ಬರು ಮಾಡಿದ್ದಲ್ಲ. ಈಗ ಈ ಹುಡುಗಿ ಪರೀಕ್ಷಾದ ಮಾತಾಡಾಮೇನ್ರಿ?"

ಅಪ್ಪನ ಕೈಯಲ್ಲಿದ್ದ ಕತ್ತರಿ ನಿಂತಿತು. ಆಮೇಲೆ ಅವ್ವನನ್ನು ಕೂಗಿ, "ಮಾಸ್ತರಿಗಿ ನೀರು ಕೊಡು," ಅಂದ.

ನಮ್ಮ ಕಡೆ ಒಂದು ಪದ್ಧತಿ ಇದೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿಹಿಂಡು ತರುಬುತ್ತಾರೆ. ಅಂದರೆ ರಾತ್ರಿ ಹಿಂಡನ್ನು ಆ ಹೊಲದಲ್ಲೇ ಕೂಡಿಹಾಕುವುದು, ಹಿಕ್ಕೆಯಿಂದ ಹೊಲಕ್ಕೆ ಗೊಬ್ಬರ. ಅದಕ್ಕೆ ಬದಲಾಗಿ ಹಿಂಡಿನ ಜೊತೆಗೆ ಬಂದವರಿಗೆಲ್ಲ ರೊಟ್ಟಿ ಕೊಡುವುದು ಹೊಲದವನ ಹೊಣೆ. ಎಷ್ಟು ಮಂದಿ, ಯಾರು, ಯಾಕೆ ಅಂತ ಕೇಳುವ ಹಾಗಿಲ್ಲ. ಕೇಳಿದರೆ ಕುರುಬ ಹಿಂಡು ಎಬ್ಬಿಸಿ ಪಕ್ಕದ ಹೊಲಕ್ಕೆ ಹೋಗಿಬಿಡುತ್ತಾನೆ. ಅಪ್ಪ ಅದನ್ನೇ ಲೆಕ್ಕ ಹಾಕಿದ್ದ.

"ನನ್ನ ಹಿಂಡು ಈಗ ಸಾಯಗಾಂವಕ್ಕ ಹೊಂಟದ, ಅಲ್ಲಿಂದ ಔರಾದ ಕಡಿ. ಮಾಗಿ ಕಳದ ಮ್ಯಾಲ ತಿರುಗಿ ಬೀದರ. ಜೋಡಿ ಬರ್ರಿ. ಹಿಂಡಿನ ಸಂಗಟ ಇದ್ದವಗ ಜಾತಿ ಕೇಳಾ ಗಂಡಸು ಈ ಸೀಮಿದಾಗ ಹುಟ್ಟಿಲ್ಲ," ಅಂದ. ತನ್ನ ಕಂಬಳಿ ತೆಗೆದು ಮಾಸ್ತರರ ಶೇರ್ವಾನಿಯ ಮೇಲೆ ಹೊದಿಸಿದ. ಮಾಸ್ತರು ಅದರಲ್ಲಿ ಮುಳುಗಿಹೋದರು.

ಮಾಸ್ತರು ತಾಯಿಯನ್ನು ಬಂಧುಗಳಿಗೆ ಒಪ್ಪಿಸಿ ಬೀದರದಿಂದ ಆರೂ ಹುಡುಗರನ್ನು ಕರೆತಂದರು. ಹೀಗೆ ನಮ್ಮ ಸಾಲಿ ನಡೆಯಲು ಶುರುವಾಯಿತು. ಹೊರೆ ಹೊರುವ ತಟ್ಟು ಕುದುರೆಯ ಒಂದು ಬದಿಗೆ ಅಡಿಗೆಯ ಗಡಿಗೆ, ಇನ್ನೊಂದು ಬದಿಗೆ ಕರಿಹಲಗೆ. ನನ್ನ ಕಾವಲಿಗೆ ಆಯಿ, ಅಂದರೆ ಅಪ್ಪನ ತಾಯಿ. ಬೆಳಿಗ್ಗೆ ಕುರಿ ಮೇಯುವಾಗ ನಾವು ಹಿಂದೆ ನಡೆಯುತ್ತ ಸೂತ್ರ ಬಾಯಿಪಾಠ ಮಾಡುತ್ತಿದ್ದೆವು. ಮಧ್ಯಾಹ್ನ ಬಿಸಿಲೇರಿ ಕುರಿಗಳು ಮರದಡಿ ತಲೆ ತಗ್ಗಿಸಿ ನಿಂತ ಹೊತ್ತೇ ಕ್ಲಾಸು. ಬೇವಿನ ಮರಕ್ಕೆ ಹಲಗೆ ಒರಗಿಸಿ ಮಾಸ್ತರು ಉರ್ದುವಿನಲ್ಲಿ ಪಾಠ ಹೇಳುತ್ತಿದ್ದರು, ಬೈಯುವುದು ಕನ್ನಡದಲ್ಲಿ. ದಿನವೂ ಹಾಜರಿ ಕೂಗುತ್ತಿದ್ದರು. ಏಳೇ ಜನ, ಎಲ್ಲರೂ ಕಣ್ಣಿನ ಮುಂದೆಯೇ ಕೂತಿದ್ದೇವೆ, ಆದರೂ ಒಂದು ದಿನ ಬಿಡಲಿಲ್ಲ.

ಆಯಿಗೆ ಈ ಚೀನಾದ ಫೆಲೋಶಿಪ್ ಏನೆಂದು ತಿಳಿಯಬೇಕಿತ್ತು. ಮಾಸ್ತರು ಹೇಳಿದರು, ಅಲ್ಲಿಯವರು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ ಅಂತ.

"ಅಯ್ಯ, ಸಾಟಿ ಸಂಬಂಧ ಅನ್ರಲ್ಲ! ಅವರ ಹುಡುಗಿ ನಮಗ, ನಮ್ಮ ಹುಡುಗಿ ಅವರಿಗಿ."

"ಅದೇ ಆಯಿ."

"ಚೀನಾದಾಗ ಕುರಿ ಅವೇನು?"

"ಭಾಳ ಅವ."

"ಹಂಗಾರ ಮಂದಿ ಚಲೋ ಇರಬೇಕು ಬಿಡ್ರಿ," ಅಂತ ಆಯಿ ತೀರ್ಪು ಕೊಟ್ಟಳು. ಮಾಸ್ತರು ಕಂಬಳಿಯೊಳಗೆ ಬಿದ್ದು ಬಿದ್ದು ನಕ್ಕರು. ಅಣ್ಣ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಾಯಗಾಂವದ ಹೊಲದಲ್ಲಿ ಅನಾಹುತವಾಯಿತು. ಸಾಲಿ ಅಂದ ಮೇಲೆ ಗಂಟೆ ಹೊಡೆಯಬೇಕೆಂದು ಮಾಸ್ತರರಿಗೆ ಹಠ. ನಮ್ಮ ಹಿಂಡಿನ ಮುಂದಾಳು ಟಗರಿನ ಕೊರಳಲ್ಲಿ ಹಿತ್ತಾಳೆ ಗಂಟೆ ಇರುತ್ತದೆ, ಅದು ಬಾರಿಸಿದ ಕಡೆ ಹಿಂಡೆಲ್ಲ ನಡೆಯುತ್ತದೆ. ಇದು ಅವರಿಗೆ ಹ್ಯಾಗೆ ಗೊತ್ತಿರಬೇಕು? ಅಪ್ಪ ನೀರು ತರಲು ಹೋಗಿದ್ದ. ಮಾಸ್ತರು ಬದುವಿನ ಆ ಕಡೆ ನಿಂತು ಸಾಲಿಯ ಗಂಟೆಯನ್ನು ಜೋರಾಗಿ ಬಾರಿಸಿದರು. ಮರದಡಿ ಮಲಗಿದ್ದ ಹಿಂಡು ದಡಕ್ಕನೆ ಎದ್ದಿತು, ಬದು ಹಾರಿತು, ಹಸಿರು ಕಡಲೆಯ ಹೊಲಕ್ಕೆ ನುಗ್ಗಿ ಅವರ ಸುತ್ತ ನಿಂತು ಮೇಯತೊಡಗಿತು. ಗಾಬರಿಯಾಗಿ ಅವರು ಇನ್ನೂ ಜೋರಾಗಿ ಗಂಟೆ ಬಾರಿಸಿದರು. ಹಿಂದೆ ಉಳಿದಿದ್ದ ಮರಿಗಳೂ ಬಂದವು.

ಹೊಲದ ಗೌಡ ಕೊಡಲಿ ಹಿಡಿದು ಓಡಿಬಂದ. ಜೊತೆಗೆ ನಾಲ್ಕು ಆಳು. ಕಂಬಳಿ ಜಾರಿ ಶೇರ್ವಾನಿ ಕಾಣಿಸಿತು. "ಯಾರಲೇ ನೀ? ತುರ್ಕ ಹೌದಿಲ್ಲ?" ಅಂದ. ಆ ದಿನಗಳಲ್ಲಿ ಆ ಮಾತಿನ ಮುಂದೆ ಏನು ಬರುತ್ತಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಮಾಸ್ತರು ಹೆಜ್ಜೆ ಹಿಂದೆ ಇಡಲಿಲ್ಲ. "ಹೌದು. ಮಾಸ್ತರ ಇದ್ದೀನಿ. ತಪ್ಪು ನಂದು, ಹುಡುಗರದಲ್ಲ," ಅಂದರು.

ಅಷ್ಟರಲ್ಲಿ ಅಪ್ಪ ಬಂದ. ನೀರಿನ ಕೊಡ ಅಲ್ಲೇ ಒಗೆದು ಗೌಡನಿಗೂ ಮಾಸ್ತರರಿಗೂ ನಡುವೆ ನಿಂತ. "ಗೌಡ್ರ, ಅಂವ ನನ್ನ ಹಿಂಡಿನಾಂವ. ಅವನ ಮೈಮ್ಯಾಲ ಕೈ ಬಿದ್ರ ಈ ಸೀಮಿ ಒಬ್ಬ ಕುರುಬನೂ ನಿಮ್ಮ ಹೊಲಕ್ಕ ಹಿಂಡು ತರಂಗಿಲ್ಲ. ನೀವ್ ಇದ್ದಷ್ಟು ದಿನಾ, ನಿಮ್ಮ ಮಗ ಇದ್ದಷ್ಟು ದಿನಾ. ಕಡ್ಲಿ ಹೋದದ್ದಕ್ಕ ಈ ವಾರ ಪೂರಾ ಪುಕ್ಕಟ ತರುಬ್ತೀನಿ."

ಗೌಡ ಕೊಡಲಿಯನ್ನೂ ಹೊಲವನ್ನೂ ನೋಡಿದ. ಗೊಬ್ಬರವಿಲ್ಲದ ಹೊಲ ಯಾರಿಗೆ ಬೇಕು? ಕೊಡಲಿ ಇಳಿಸಿದ. "ಮೊದಲ ಆ ಮಾಸ್ತರನ ಕೈಲಿಂದ ಗಂಟಿ ಕಸ್ಕೋ ಮಾರಾಯ," ಅಂದ. ಅಂದಿನಿಂದ ನಮ್ಮ ಸಾಲಿ ಶುರುವಾಗುತ್ತಿದ್ದುದು ಅಪ್ಪ ಹೊಡೆಯುವ ಸಿಳ್ಳಿಗೆ.

ಔರಾದ ಸುತ್ತಿ, ಮಾಗಿ ಕಳೆದು, ಪುಸ್ತಕ ಪೂರ್ತಿ ಮುಗಿಸಿ ಬೀದರಕ್ಕೆ ಮರಳಿದೆವು. ಪರೀಕ್ಷೆಗೆ ಹೆಸರು ಬರೆಸಬೇಕು. ಹೊಸದಾಗಿ ಬಂದ ಸಾಲಿಗಳ ಇನ್ಸ್‌ಪೆಕ್ಟರ್ ಸಾಹೇಬ ಹೊರಗಿನವನು, ಕೆಟ್ಟವನೇನಲ್ಲ. ಆದರೆ ಕಾಯಿದೆ ಬಿಟ್ಟು ಅತ್ತಿತ್ತ ಸರಿಯುವವನಲ್ಲ. ಸಾಲಿ ಬಂದ್ ಇತ್ತು, ಹಾಜರಿ ಎಲ್ಲಿಂದ ಬಂತು ಅಂದ. ಸಾಲಿ ನಡೆದಿತ್ತು ಅಂದರು ಮಾಸ್ತರು. ಎಲ್ಲಿ? ಹೊಲದಲ್ಲಿ. ಕಂಡವರು ಯಾರು? ಆಗ ಮುಂದೆ ಬಂದವನು ಸಾಯಗಾಂವದ ಅದೇ ಗೌಡ! ಸುದ್ದಿ ಕೇಳಿ ಚಕ್ಕಡಿ ಹೂಡಿಕೊಂಡು ತಾನಾಗಿಯೇ ಬಂದಿದ್ದ.

"ನನ್ನ ಹೊಲದಾಗ ಕುಂತಿತ್ರಿ ಸಾಲಿ. ಅಲ್ಲ ಅಂದ್ರ ನನ್ನ ಕಡ್ಲಿ ಯಾರು ತಿಂದಾರ ಹೇಳ್ರಿ ನೋಡಾಮಿ?"

ಸಾಹೇಬ ನಕ್ಕ, ಎಲ್ಲರೂ ನಕ್ಕರು. ಆದರೆ ಹೊಲ ಸಾಲಿಯಲ್ಲ ಅಂದ. ಆಮೇಲೆ ಮಾಸ್ತರರನ್ನು ಹತ್ತಿರ ಕರೆದು ಮೆಲ್ಲಗೆ ದಾರಿ ತೋರಿಸಿದ. ನಾನು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದೆ, ಎಲ್ಲ ಕೇಳಿಸಿತು. ಸಾಲಿ ಬಂದ್ ಇತ್ತು, ಈ ಮಕ್ಕಳು ಮನೆಯಲ್ಲೇ ಕೂತು ಸ್ವಂತ ಓದಿದ್ದಾರೆ, ತಾವು ಆ ತಿಂಗಳುಗಳಲ್ಲಿ ಯಾರಿಗೂ ಕಲಿಸಿಲ್ಲ ಅಂತ ಮಾಸ್ತರು ಬರೆದು ಸಹಿ ಮಾಡಬೇಕು. ಆಗ ನಮ್ಮನ್ನು ಖಾಸಗಿಯಾಗಿ ಕೂರಿಸಬಹುದು. "ಆದ್ರ ನೀವು ಕೆಲಸದಾಗ ಇದ್ದಿಲ್ಲ ಅಂತ ಆಗ್ತದ. ನಿಮ್ಮ ವಿಲಾಯತಿ ಹೋಗ್ತದ. ವಿಚಾರ ಮಾಡ್ರಿ," ಅಂದ.

ಮಾಸ್ತರು ಹೊರಗೆ ಬಂದು ನಮ್ಮನ್ನು ನೋಡಿದರು. ಆರು ಹುಡುಗರು ಧೂಳಿನ ಕಾಲಲ್ಲಿ ಸಾಲಾಗಿ ನಿಂತಿದ್ದರು. ನಾನು, "ಬ್ಯಾಡ್ರಿ ಮಾಸ್ತರ. ಬರೀಬ್ಯಾಡ್ರಿ. ಮುಂದಿನ ವರ್ಷ ಕುಂದರ್ತೀವಿ," ಅಂದೆ. ಬಾಯಿಂದ ಮಾತು ಬಂತೇ ಹೊರತು ಮುಂದಿನ ವರ್ಷಕ್ಕೆ ನಾನು ಎಲ್ಲಿರುತ್ತೇನೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಬಾಯಿ ಮುಚ್ಚು," ಅಂದರು. ಒಳಗೆ ಹೋಗಿ ಸಹಿ ಮಾಡಿದರು. ಜನ್ಮದಲ್ಲಿ ಅವರು ಸಹಿ ಹಾಕಿದ ಸುಳ್ಳು ಅದೊಂದೇ.

ಏಳಕ್ಕೆ ಏಳೂ ಪಾಸಾದೆವು. ನನ್ನ ಲಗ್ನ ಮುರಿಯಿತು, ಆ ಹುಡುಗ ಬಾಯಿ ತೆರೆದುಕೊಂಡೇ ಇನ್ನೊಬ್ಬಳನ್ನು ಮಾಡಿಕೊಂಡ. ಪೇಢೆ ಹಿಡಿದುಕೊಂಡು ಮಾಸ್ತರರ ಮನೆಗೆ ಹೋದೆ. ಆ ಹೊತ್ತಿಗೆ ವಿಲಾಯತಿಯಿಂದ ಜವಾಬು ಬಂದಿತ್ತು. ಕೆಲಸದಲ್ಲಿ ನಡುವೆ ತಿಂಗಳುಗಟ್ಟಲೆ ಖಾಲಿ ಇರುವುದರಿಂದ ಫೆಲೋಶಿಪ್ ಮುಗಿದಿದೆ ಅಂತ. ಅವರಮ್ಮ ಹಾಸಿಗೆಯಲ್ಲೇ ಅಳುತ್ತಿದ್ದರು. ಬಂಧುಗಳು, ಇಲ್ಲಿ ಇನ್ನೇನಿದೆ, ಕರಾಚಿಗೆ ನಡಿ ಅನ್ನುತ್ತಿದ್ದರು. ಇವರು ನನ್ನ ಕೈಯಿಂದ ಪೇಢೆ ತೆಗೆದುಕೊಂಡು ಎರಡು ತಿಂದರು. "ಯಾಕ ಹೋಗ್ಲಿ? ಈ ಊರು ನಂದು. ಯಾರಿಗಿ ನಾ ಇಲ್ಲಿರಾದು ಸೇರಲ್ಲೋ ಅವರು ಹೋಗ್ಲಿ," ಅಂದರು. ನನಗೆ ಅಳು ತಡೆಯಲಾಗಲಿಲ್ಲ.

ಸಾಲಿ ಮತ್ತೆ ತೆರೆಯಿತು, ಅವರು ಮತ್ತೆ ಹಲಗೆಯ ಮುಂದೆ ನಿಂತರು. ನಾನು ಟ್ರೇನಿಂಗ್ ಮುಗಿಸಿ ಔರಾದದಲ್ಲಿ ಮಾಸ್ತರಿಣಿಯಾದೆ. ವರ್ಷಕ್ಕೊಮ್ಮೆ ಅವರು ಸರಕಾರಕ್ಕೆ ಅರ್ಜಿ ಹಾಕುತ್ತಿದ್ದರು. ಬೇರೇನೂ ಕೇಳುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ನಾನು ಕೆಲಸ ಮಾಡಿದ್ದೇನೆ, ಹಾಗೆಂದು ಬರೆದುಕೊಳ್ಳಿ, ಅಷ್ಟೇ. ಹೈದರಾಬಾದ್ ಸಂಸ್ಥಾನ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಕಚೇರಿ ಬೆಂಗಳೂರಿಗೆ ಹೋಯಿತು, ಅರ್ಜಿಯೂ ಅಲ್ಲಿಗೆ ಹೋಯಿತು. ಜವಾಬು ಮಾತ್ರ ಬದಲಾಗಲಿಲ್ಲ: ಕಲಿಸಿಲ್ಲವೆಂದು ನಿಮ್ಮದೇ ಸಹಿ ಇದೆ.

ಒಮ್ಮೆ ಬೀದರದ ಕಚೇರಿಯಲ್ಲಿ ಅವರ ಜೊತೆ ನಾನೂ ಇದ್ದೆ. ಗುಮಾಸ್ತ ಪಾಪದವನು, ಕನಿಕರದಿಂದಲೇ ಹೇಳಿದ. "ಸರ, ಬ್ಯಾನಿ ಬಿದ್ದಿದ್ದೆ ಅಂತ ಬರೀರಿ. ರಜಾ ಅಂತ ಹಾಕಿ ಇವತ್ತೇ ಮುಗಸ್ತೀನಿ."

"ನಾ ಬ್ಯಾನಿ ಬಿದ್ದಿದ್ದಿಲ್ಲ. ಕಲಸ್ತಿದ್ದೆ."

"ಹಂಗಾರ ಯಾರಿಗಿ ಕಲಿಸಿದ್ರಿ? ಒಬ್ಬರ ಹೆಸರು ಕೊಡ್ರಿ. ಒಬ್ಬರು ಬಂದು ಹೌದು ಅಂದ್ರ ಸಾಕು."

ನಾನು ಎದ್ದು ನಿಂತೆ. "ನಾ ಅದೀನ್ರಿ," ಅನ್ನುವಷ್ಟರಲ್ಲಿ ಅವರು ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು. ಅಂಥ ಸಿಟ್ಟನ್ನು ನಾನು ಅವರಲ್ಲಿ ಕಂಡಿರಲಿಲ್ಲ.

"ನಿನಗ ಬುದ್ಧಿ ಅದ ಏನಿಲ್ಲ? ನೀ ಹೌದು ಅಂದ್ರ ಆ ಕಾಗದ ಸುಳ್ಳಾಗ್ತದ. ಕಾಗದ ಸುಳ್ಳಾದ್ರ ನಿಮ್ಮ ಏಳೂ ಮಂದಿ ಮ್ಯಾಟ್ರಿಕ್ ಖಲಾಸ್. ನಿನ್ನ ನೌಕರಿ ಖಲಾಸ್. ಸಾಲಿ ನಡಸಿದ್ದು ಇದಕ್ಕೇನು?"

"ಮತ್ತ ಅರ್ಜಿ ಯಾಕ ಹಾಕ್ತೀರಿ? ಹೆಸರು ಕೊಡಂಗಿಲ್ಲ, ಸಾಕ್ಷಿ ಕೊಡಂಗಿಲ್ಲ, ಆಗಾದಿಲ್ಲ ಅಂತ ಗೊತ್ತದ."

"ಸುಮ್ಮ ಕುಂತ್ರ ಒಪ್ಪಿಕೊಂಡಂಗ ಆಯ್ತದ," ಅಂದರು. "ನಾ ಇರಾತನ ಯಾರೂ ಬಾಯಿ ಬಿಡಂಗಿಲ್ಲ. ಏಳೂ ಮಂದಿಗಿ ಹೇಳೀನಿ."

ಅವರು ಇರುವತನಕ ಯಾರೂ ಬಾಯಿ ಬಿಡಲಿಲ್ಲ. ನಿವೃತ್ತಿಯಾದ ಮೇಲೂ ಅವರ ಅರ್ಜಿ ತಪ್ಪಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಮಾತು ತೊದಲುತ್ತಿತ್ತು. "ಈ ವರ್ಷದ್ದು ಹಾಕೀರೇನ್ರಿ?" ಅಂದೆ. "ಹಾಕೀನಿ. ಹೆಸರು ಕೊಟ್ಟಿಲ್ಲ," ಅಂದರು. ಕಣ್ಣಲ್ಲಿ ಹಳೇ ತುಂಟತನ ಇತ್ತು. ಅದರ ಮರುವಾರ ತೀರಿಕೊಂಡರು. ಸಂತಾಪ ಸಭೆಯಲ್ಲಿ ಯಾರೋ ದೊಡ್ಡ ಮನುಷ್ಯರು, ಪಾಪ, ಡಾಕ್ಟರೇಟ್ ಆಗಬೇಕಿದ್ದವರು, ಆ ಗಲಾಟೆಯ ವರ್ಷ ಮನೆಯಲ್ಲಿ ಕೂತು ಹಾಳಾದರು ಅಂದುಬಿಟ್ಟರು. ನನ್ನ ಮೈಯೆಲ್ಲ ಉರಿಯಿತು. ಆದರೆ ನಮ್ಮ ಕ್ಲಾಸಿನ ಹುಡುಗರಲ್ಲಿ ಇಬ್ಬರು ಇನ್ನೂ ನೌಕರಿಯಲ್ಲಿದ್ದರು. ಹಲ್ಲು ಕಚ್ಚಿಕೊಂಡು ಕೂತೆ.

ಈಗ ಆ ಆರೂ ಹುಡುಗರು ಇಲ್ಲ. ಉಳಿದವಳು ನಾನೊಬ್ಬಳು, ನನ್ನ ನೌಕರಿ ಮುಗಿದು ಯಾವ ಕಾಲವಾಯಿತು. ಇನ್ನು ಹೆದರಿಸುವವರು ಯಾರಿದ್ದಾರೆ? ಸರಕಾರದವರೇ, ಒಬ್ಬರ ಸಾಕ್ಷಿ ಸಾಕು ಅಂದಿದ್ದಿರಲ್ಲ, ಬರೆದುಕೊಳ್ಳಿ. ಪೋಲೀಸ್ ಆ್ಯಕ್ಷನ್ ಆದ ವರ್ಷ ಭಾತಂಬ್ರಾದಿಂದ ಔರಾದವರೆಗೆ ನಮ್ಮ ಸಾಲಿ ನಡೆದಿತ್ತು. ಮಾಸ್ತರು ಒಂದು ದಿನವೂ ತಪ್ಪಿಸಲಿಲ್ಲ. ನಾವು ಮನೆಯಲ್ಲಿ ಕೂತು ಸ್ವಂತ ಓದಿದವರಲ್ಲ, ಆ ಕಾಗದ ಸುಳ್ಳು, ಅದು ಸುಳ್ಳೆಂದು ನನಗೆ ಅಂದೇ ಗೊತ್ತಿತ್ತು. ನನ್ನ ಮ್ಯಾಟ್ರಿಕ್ ಸರ್ಟಿಫಿಕೇಟು ಟ್ರಂಕಿನಲ್ಲಿದೆ. ಬೇಕಾದರೆ ಮನೆಗೆ ಬಂದು ವಾಪಸ್ ತೆಗೆದುಕೊಂಡು ಹೋಗಿ. ಅವರ ತಿಂಗಳುಗಳನ್ನು ಅವರ ಹೆಸರಿಗೆ ಬರೆದುಕೊಡಿ.